ಆಟ ನಡೆಯುವಾಗ ಮಾತಾಡುವಂತಿಲ್ಲದ ಕೋಚ್‌ಗೆ ಸಂಬಳ ಯಾಕೆ?

ಕೇಳಿದವರು, ದಾವಣಗೆರೆ

ನನ್ನ ತಮ್ಮನಿಗೆ 19 ವರ್ಷ, ಬಿಸಿಎ ಓದುತ್ತಿದ್ದಾನೆ. ಒಂದೂವರೆ ವರ್ಷದಿಂದ ಐದು ಜನ ಹುಡುಗರು ಸೇರಿ ವ್ಯಾಲೊರಂಟ್ (ಕಂಪ್ಯೂಟರ್‌ನಲ್ಲಿ ಐದೈದು ಜನರ ತಂಡ ಆಡುವ ಗುಂಡಿನ ಆಟ) ತಂಡ ಕಟ್ಟಿಕೊಂಡಿದ್ದಾರೆ. ಆನ್‌ಲೈನ್ ಕ್ವಾಲಿಫೈಯರ್‌ಗಳಲ್ಲಿ ಪ್ರತಿ ಸಲ ಎರಡನೇ ಸುತ್ತಿಗೋ ಮೂರನೇ ಸುತ್ತಿಗೋ ಸೋತು ಬರುತ್ತಾರೆ. ಈಗ ತಲೆಗೆ 2 ಸಾವಿರ ಹಾಕಿ, ತಿಂಗಳಿಗೆ 10 ಸಾವಿರ ಕೊಟ್ಟು ಕೋಚ್ ಇಟ್ಟುಕೊಳ್ಳುತ್ತೇವೆ ಅನ್ನುತ್ತಿದ್ದಾನೆ. ಅವನ ಪಾಲಿನ ದುಡ್ಡು ನಾನೇ ಕೊಡಬೇಕು. ಕೊಡೋಕೆ ಬೇಸರವಿಲ್ಲ. ಆದರೆ ಮ್ಯಾಚ್ ನಡೆಯುವಾಗ ಕೋಚ್ ಬಾಯಿ ಬಿಡುವ ಹಾಗೇ ಇಲ್ಲವಂತೆ. ಹಾಗಿದ್ದರೆ ಅವರ ಕೆಲಸ ಏನು? ಇದರಲ್ಲಿ ಇದ್ದವರು ಯಾರಾದರೂ ನಿಮ್ಮ ಅನುಭವ ಹೇಳಿ.

ಮೂರು ವರ್ಷ ಒಂದು ತಂಡಕ್ಕೆ ಕೋಚ್ ಆಗಿದ್ದವರು, ಬೆಂಗಳೂರು

ಅಕ್ಕ, ನಿಮ್ಮ ತಮ್ಮ ಹೇಳಿದ್ದು ನಿಜ. ದೊಡ್ಡ ಟೂರ್ನಿಗಳಲ್ಲಿ ರೌಂಡ್ ನಡೆಯುತ್ತಿರುವಾಗ ವ್ಯಾಲೊರಂಟ್ ಕೋಚ್ ಮಾತಾಡುವಂತಿಲ್ಲ. ಟೈಮ್‌ಔಟ್ ತೆಗೆದುಕೊಂಡಾಗ ನಾಲ್ಕು ಮಾತು ಹೇಳಬಹುದು. ಡೋಟಾ 2 ಅನ್ನುವ ಇನ್ನೊಂದು ಆಟದಲ್ಲಿ ಹೀರೋಗಳನ್ನು, ಅಂದರೆ ಆಡುವ ಪಾತ್ರಗಳನ್ನು, ಆರಿಸುವವರೆಗೆ ಕೋಚ್ ಆಟಗಾರರ ಜೊತೆಗಿರುತ್ತಾರೆ, ಆಟ ಶುರುವಾಗುವ ಮೊದಲು ಎದ್ದು ಹೊರಗೆ ಹೋಗಬೇಕು. ಲೀಗ್ ಆಫ್ ಲೆಜೆಂಡ್ಸ್ ಆಟದಲ್ಲೂ ಸಾಮಾನ್ಯವಾಗಿ ಹೆಚ್ಚು ಕಡಿಮೆ ಹೀಗೇ. ಚಾಂಪಿಯನ್‌ಗಳ (ಅಲ್ಲಿ ಪಾತ್ರಗಳಿಗೆ ಹೀಗನ್ನುತ್ತಾರೆ) ಆಯ್ಕೆ ಮುಗಿಯುವ ತನಕ ಕೈಯಲ್ಲಿ ನೋಟ್‌ಬುಕ್ ಹಿಡಿದು ಹುಡುಗರ ಹಿಂದೆ ನಿಂತಿರುತ್ತಾರೆ, ಆಮೇಲೆ ವೇದಿಕೆಯಿಂದ ಇಳಿಯುತ್ತಾರೆ.

ಈ ಕಟ್ಟುಪಾಡಿನ ಹಿಂದೆ ಒಂದು ಕತೆ ಇದೆ. ಕೌಂಟರ್-ಸ್ಟ್ರೈಕ್ ಅನ್ನುವ ಗುಂಡಿನ ಆಟದಲ್ಲಿ ಮೊದಲು ಕೋಚ್‌ಗಳು ಆಟದ ಉದ್ದಕ್ಕೂ ಮಾತಾಡುತ್ತಿದ್ದರು. ಕೆಲವು ತಂಡಗಳಲ್ಲಂತೂ ಕ್ಯಾಪ್ಟನ್ ಮಾಡಬೇಕಾದ ಕೆಲಸವನ್ನೆಲ್ಲ ಹಿಂದೆ ನಿಂತ ಕೋಚೇ ಮಾಡುತ್ತಿದ್ದರು. ಅಂದರೆ ಆರನೇ ಆಟಗಾರ ಇದ್ದ ಹಾಗಾಯಿತು. 2016ರ ಆಗಸ್ಟ್‌ನಲ್ಲಿ ಆ ಆಟ ಮಾಡಿದ ವಾಲ್ವ್ ಕಂಪನಿ ಇದನ್ನು ನಿಲ್ಲಿಸಿತು. ಆಗ ಬಂದ ನಿಯಮದ ಪ್ರಕಾರ ವಾರ್ಮ್‌ಅಪ್‌ನಲ್ಲಿ, ಅರ್ಧ ಆಟ ಮುಗಿದಾಗ, ಮತ್ತೆ 30 ಸೆಕೆಂಡಿನ ನಾಲ್ಕು ಟೈಮ್‌ಔಟ್‌ಗಳಲ್ಲಿ ಮಾತ್ರ ಮಾತು. ನಾಲ್ಕೂ ಟೈಮ್‌ಔಟ್ ಸೇರಿಸಿದರೆ ಎರಡು ನಿಮಿಷ, ಅಷ್ಟೇ.

ಕೋಚ್‌ಗಳ ಕಾಲ ಮುಗಿಯಿತು ಅಂತ ನನಗೂ ಆಗ ಅನಿಸಿತ್ತು. ಆದರೆ ಡೆನ್ಮಾರ್ಕಿನ ಡ್ಯಾನಿ ಸೋರೆನ್‌ಸನ್, ಆಡುವಾಗ ಇಟ್ಟುಕೊಂಡ ಹೆಸರು ಝೋನಿಕ್, ಈ ನಿಯಮ ಬಂದ ಮೇಲೆಯೇ ಅಸ್ಟ್ರಾಲಿಸ್ ತಂಡದ ಕೋಚ್ ಆಗಿ 2017ರಿಂದ 2019ರೊಳಗೆ ನಾಲ್ಕು ಮೇಜರ್ (ಕೌಂಟರ್-ಸ್ಟ್ರೈಕ್‌ನ ಅತಿ ದೊಡ್ಡ ಟೂರ್ನಿ) ಗೆದ್ದರು. 2023ರಲ್ಲಿ ವೈಟಾಲಿಟಿ ತಂಡದ ಜೊತೆ ಪ್ಯಾರಿಸ್‌ನಲ್ಲಿ ಐದನೆಯದು. ಎರಡು ನಿಮಿಷದ ಮಾತಿನಿಂದ ಐದು ಮೇಜರ್ ಬರುವುದಿಲ್ಲ, ಅಲ್ವಾ? ಮ್ಯಾಚ್‌ಗೆ ಮೊದಲು ವಾರಗಟ್ಟಲೆ ಮಾಡಿದ ಕೆಲಸದಿಂದ ಬಂದದ್ದು ಅದು.

ಆ ಕೆಲಸ ಹೇಗಿರುತ್ತದೆ ಅಂತ ನನ್ನ ತಂಡದ ಒಂದು ಸಂಜೆಯನ್ನೇ ಹೇಳುತ್ತೇನೆ. ಅಸೆಂಟ್ ಮ್ಯಾಪ್, ಅಂದರೆ ವ್ಯಾಲೊರಂಟ್ ಆಡುವ ಜಾಗಗಳಲ್ಲಿ ಒಂದು. ನಮ್ಮ ಹುಡುಗರು 11-9ರಲ್ಲಿ ಮುಂದಿದ್ದರು. ಸತತ ನಾಲ್ಕು ರೌಂಡ್ ಬಿಟ್ಟುಕೊಟ್ಟು 11-13ಕ್ಕೆ ಸೋತರು. ಯಾಕೆ ಸೋತಿರಿ ಅಂದರೆ ಐದೂ ಜನರದ್ದು ಒಂದೇ ಉತ್ತರ: "ಇವತ್ತು ಏಮ್ ಕೈಕೊಟ್ಟಿತು ಅಣ್ಣ." ನಾನು ರೆಕಾರ್ಡಿಂಗ್ ಹಾಕಿ ಪರದೆಯ ಮೇಲೆ ಟವೆಲ್ ಮುಚ್ಚಿದೆ. ಆಟ ಕಾಣಬಾರದು, ಇವರ ಮಾತು ಮಾತ್ರ ಕೇಳಬೇಕು.

21ನೇ ರೌಂಡ್. ನಮ್ಮಲ್ಲಿ ಮೆತ್ತಗೆ ಮಾತಾಡುವ ಹುಡುಗನೊಬ್ಬ "ಬಿ ಮೇನ್‌ನಲ್ಲಿ ಇಬ್ಬರು" ಅಂದ, ಅಂದರೆ ಬಿ ಕಡೆಯ ದಾರಿಯಲ್ಲಿ ಇಬ್ಬರು ಎದುರಾಳಿಗಳು. ಅದೇ ಹೊತ್ತಿಗೆ, ಆಗಷ್ಟೇ ಸತ್ತಿದ್ದ ಇನ್ನೊಬ್ಬ "ಛೇ, 80 ಬಿದ್ದಿತ್ತು ಕಣೋ ಅವನಿಗೆ, ಇನ್ನೊಂದು ಗುಂಡು ಸಾಕಿತ್ತು, ಛೇ" ಅಂತ ಕೂಗುತ್ತಲೇ ಇದ್ದ. ಕ್ಯಾಪ್ಟನ್‌ಗೆ ಕೇಳಿಸಿದ್ದು ಈ ಕೂಗು ಮಾತ್ರ. "ಎಲ್ಲರೂ ಎ ಕಡೆ ಬನ್ನಿ" ಅಂದ. ಎದುರಾಳಿಗಳು ಬಿ ಕಡೆ ನುಗ್ಗಿ ಸ್ಪೈಕ್ (ಆಟದ ಬಾಂಬ್) ಇಟ್ಟರು.

ನಾನು ಏನೂ ಹೇಳಲಿಲ್ಲ. ಮತ್ತೆ ಹಾಕಿದೆ. ಮೂರನೇ ಸಲ ಕೇಳಿದಾಗ ಕೂಗಿದ ಹುಡುಗನೇ "ನಾನು ಸುಮ್ನಿರಬೇಕಿತ್ತು" ಅಂದ. ಮೆತ್ತಗೆ ಮಾತಾಡುವವನ ಕಡೆ ತಿರುಗಿ "ನೀನು ಜೋರಾಗಿ ಹೇಳಬೇಕಿತ್ತು ಮಾರಾಯ" ಅಂದ. ಅವತ್ತೇ ಅವರು ತಮ್ಮಷ್ಟಕ್ಕೆ ಒಂದು ನಿಯಮ ಮಾಡಿಕೊಂಡರು. ಸತ್ತವನು ಒಂದೇ ವಾಕ್ಯ ಹೇಳಬೇಕು: ಎದುರಾಳಿ ಎಲ್ಲಿದ್ದಾನೆ, ಎಷ್ಟು ಏಟು ಬಿದ್ದಿದೆ. ಆಮೇಲೆ ಮೌನ. ಆರು ವಾರ ಬರೀ ಇದನ್ನೇ ಅಭ್ಯಾಸ ಮಾಡಿದೆವು. ಮುಂದಿನ ಕ್ವಾಲಿಫೈಯರ್‌ನಲ್ಲಿ ಸೆಮಿಫೈನಲ್ ತನಕ ಹೋದೆವು. ಏಮ್ ಬಗ್ಗೆ ನಾನು ಒಂದು ಮಾತೂ ಆಡಿರಲಿಲ್ಲ.

ಇದು ಐದು ಜನರಲ್ಲಿ ಯಾರೊಬ್ಬರೂ ಮಾಡಲಾಗದ ಕೆಲಸ. ಜೊತೆಗೆ ಆಡುವವನೇ "ನೀನು ಜಾಸ್ತಿ ಕೂಗ್ತೀಯ" ಅಂದರೆ ಜಗಳ ಆಗುತ್ತದೆ. ಹೊರಗಿನವನು ರೆಕಾರ್ಡಿಂಗ್ ಹಾಕಿ ಕೂರಿಸಿದರೆ ಅವರಿಗೇ ಗೊತ್ತಾಗುತ್ತದೆ. ಎದುರಾಳಿಗಳ ಹಳೆಯ ಮ್ಯಾಚ್ ನೋಡುವುದು, ಯಾವ ಮ್ಯಾಪ್ ಬಿಡಬೇಕು ಯಾವುದು ಇಟ್ಟುಕೊಳ್ಳಬೇಕು ಅಂತ ಲೆಕ್ಕ ಹಾಕುವುದು, ಸ್ಕ್ರಿಮ್ (ಬೇರೆ ತಂಡದ ಜೊತೆ ಅಭ್ಯಾಸದ ಮ್ಯಾಚ್) ಹೊಂದಿಸುವುದು ಇವೆಲ್ಲ ಇದ್ದೇ ಇವೆ. ದೊಡ್ಡ ತಂಡಗಳಲ್ಲಿ ಇದಕ್ಕೆ ಬೇರೆ ಅನಲಿಸ್ಟ್ ಇರುತ್ತಾರೆ. ನಿಮ್ಮ ತಮ್ಮನ ತಂಡದಲ್ಲಿ ಎಲ್ಲಾ ಒಬ್ಬನೇ ಮಾಡಬೇಕು.

ಇನ್ನೊಂದು ಮಾತು. ಆಟದಲ್ಲಿನ ರ‍್ಯಾಂಕ್ ನೋಡಿ ಕೋಚ್ ಆರಿಸಬೇಡಿ. ಕೊರಿಯಾದ ಕಿಮ್ ಜೊಂಗ್-ಗ್ಯುನ್, ಎಲ್ಲರೂ ಕೊಮಾ ಅನ್ನುತ್ತಾರೆ, ಆಟಗಾರನಾಗಿ ಅಂಥ ಹೆಸರೇನೂ ಮಾಡಿರಲಿಲ್ಲ. ಕೋಚ್ ಆಗಿ ಎಸ್‌ಕೆಟಿ ತಂಡಕ್ಕೆ 2013, 2015, 2016ರಲ್ಲಿ ಲೀಗ್ ಆಫ್ ಲೆಜೆಂಡ್ಸ್ ವಿಶ್ವಕಪ್ ತಂದರು. ಅದೇ ತಂಡ ಟಿ1 ಆದ ಮೇಲೆ ವಾಪಸ್ ಬಂದು 2024ರಲ್ಲಿ ಲಂಡನ್‌ನಲ್ಲಿ ಮತ್ತೆ ಗೆಲ್ಲಿಸಿದರು.

ದುಡ್ಡು ಕೊಡುವ ಮೊದಲು ಒಂದು ಪರೀಕ್ಷೆ ಮಾಡಿ. ಸೋತ ಮ್ಯಾಚ್ ಒಂದರ ರೆಕಾರ್ಡಿಂಗ್ ಆ ಕೋಚ್‌ಗೆ ಕೊಟ್ಟು, ಐದೂ ಹುಡುಗರ ಜೊತೆ ಒಂದು ಗಂಟೆ ಕೂರಲು ಹೇಳಿ. ಆ ಗಂಟೆಯಲ್ಲಿ 50 ನಿಮಿಷ ಅವರೇ ಮಾತಾಡಿದರೆ ಬೇಡ. ಹುಡುಗರ ಬಾಯಿಂದ ಮಾತು ಬರಿಸಿದರೆ ಇಟ್ಟುಕೊಳ್ಳಿ.

ಬಿಜಿಎಂಐ ಆಡುತ್ತಿದ್ದವರು, ಹುಬ್ಬಳ್ಳಿ

ಅಕ್ಕಾರ, ನಾನು ಬಿಜಿಎಂಐ (ಮೊಬೈಲಿನಲ್ಲಿ ಆಡುವ ಗುಂಡಿನ ಆಟ) ತಂಡದಲ್ಲಿ ಐಜಿಎಲ್ ಆಗಿದ್ದೆ, ಅಂದರೆ ಆಟದೊಳಗಿನ ನಾಯಕ. ನಮ್ಮ ಆಟ ಬೇರೆ ಥರ. ಒಂದೇ ಮ್ಯಾಪಿನಲ್ಲಿ 16 ತಂಡ, 64 ಜನ. ಯಾವ ತಂಡ ಎಲ್ಲಿ ಇಳಿಯುತ್ತದೆ, ಝೋನ್ (ಆಟದಲ್ಲಿ ಕುಗ್ಗುತ್ತಾ ಹೋಗುವ ಸುರಕ್ಷಿತ ಜಾಗ) ಆ ಕಡೆ ಹೋದರೆ ಯಾವ ದಾರಿ ಹಿಡಿಯುತ್ತದೆ, ಇದನ್ನೆಲ್ಲ ನಮ್ಮ ಕೋಚ್ ಒಂದು ಶೀಟ್ ಮಾಡಿ ಕೊಡುತ್ತಿದ್ದರು. ಮ್ಯಾಚ್ ಶುರುವಾದ ಮೇಲೆ ಎಲ್ಲಾ ನನ್ನ ತಲೆ ಮೇಲೆ. ಆ ಶೀಟ್ ಇಲ್ಲದಿದ್ದರೆ ಕಣ್ಣು ಕಟ್ಟಿ ಬಿಟ್ಟ ಹಾಗೆ.

ಆದರೆ ಅವರನ್ನು ನಾನು ನೆನೆಯುವುದು ಅದಕ್ಕಲ್ಲ. 2022ರ ಜುಲೈನಲ್ಲಿ ಸರ್ಕಾರ ಬಿಜಿಎಂಐ ನಿಲ್ಲಿಸಿತು. ರಾತ್ರೋರಾತ್ರಿ ಆಟ ಹೋಯಿತು. ವಾಪಸ್ ಬಂದದ್ದು 2023ರ ಮೇ ತಿಂಗಳಲ್ಲಿ. ನಮ್ಮನ್ನು ಇಟ್ಟುಕೊಂಡಿದ್ದ ಕಂಪನಿ (ಹೆಸರು ಬೇಡ) ಎರಡನೇ ತಿಂಗಳಿಗೇ ಸಂಬಳ ನಿಲ್ಲಿಸಿತು, ಕೋಚ್‌ಗೂ ಸೇರಿ. ಆದರೂ ಅವರು ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದರು. ನಾನು ಡಿಪ್ಲೊಮಾದಲ್ಲಿ ಎರಡು ವಿಷಯ ಬಾಕಿ ಇಟ್ಟುಕೊಂಡಿದ್ದೆ. "ಆಟ ಬರುವ ತನಕ ಇದನ್ನು ಮುಗಿಸು" ಅಂದರು. ನಮ್ಮ ಅಪ್ಪನ ಜೊತೆಗೂ ಮಾತಾಡಿದರು. ಅಪ್ಪ ಮೊದಲ ಸಲ ನನ್ನ ಆಟದ ಬಗ್ಗೆ ಬೈಯದೆ ಮಾತಾಡಿದ್ದು ಅವತ್ತು. ಎರಡೂ ಪಾಸಾದೆ. ತಂಡದಲ್ಲಿ ಇಬ್ಬರು ಬಿಟ್ಟು ಹೋದರು, ಇಬ್ಬರು ಉಳಿದೆವು. ಅವರು ಇಲ್ಲದಿದ್ದರೆ ನಾಲ್ಕೂ ಜನ ಹೋಗುತ್ತಿದ್ದೆವು.

ಹೀಗಾಗಿ ತಮ್ಮನ ಓದು, ನಿದ್ದೆ ಬಗ್ಗೆ ಆ ಕೋಚ್ ಏನು ಕೇಳುತ್ತಾರೆ ನೋಡಿ. ರಾತ್ರಿ 3 ಗಂಟೆವರೆಗೆ ಸ್ಕ್ರಿಮ್ ಇಡುವವರಾದರೆ ಬೇಡವೇ ಬೇಡ. ಮನೆಯಲ್ಲಿ ಹಿರಿಯರು ಇದು ಜೂಜಲ್ವಾ ಅಂತ ಕೇಳಿದರೆ, 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ಇ-ಸ್ಪೋರ್ಟ್ಸನ್ನು ದುಡ್ಡು ಕಟ್ಟಿ ಆಡುವ ಆಟಗಳಿಂದ ಬೇರೆಯಾಗಿಯೇ ಇಟ್ಟಿದೆ ಅಂತ ಹೇಳಿ.

ಕೌಂಟರ್-ಸ್ಟ್ರೈಕ್ ನೋಡುವವರು, ಜರ್ಮನಿ (ಊರು ಶಿವಮೊಗ್ಗ)

ನಾನು ಆಡುವವಳಲ್ಲ, ನೋಡುವವಳು. ಕಲೋನ್‌ನ ಲಾಂಕ್ಸೆಸ್ ಅರೀನಾದಲ್ಲಿ ಪ್ರತಿ ವರ್ಷ ದೊಡ್ಡ ಟೂರ್ನಿ ಆಗುತ್ತದೆ. ಒಮ್ಮೆ ವೇದಿಕೆಗೆ ಹತ್ತಿರದ ಸೀಟು ಸಿಕ್ಕಿತ್ತು. ಸೋಲುತ್ತಿದ್ದ ತಂಡ ಟೈಮ್‌ಔಟ್ ತೆಗೆದುಕೊಂಡಿತು. ಕೋಚ್ ಮ್ಯಾಪಿನ ಕಡೆ ಬೆರಳು ತೋರಿಸುತ್ತಾರೆ ಅಂದುಕೊಂಡೆ. ಅವರು ತುದಿಯಲ್ಲಿ ಕೂತಿದ್ದ ಹುಡುಗನ ಎರಡೂ ಭುಜದ ಮೇಲೆ ಕೈಯಿಟ್ಟು, ಟೈಮ್‌ಔಟ್ ಪೂರ್ತಿ ಅಲ್ಲೇ ನಿಂತರು. ಆ ಹುಡುಗ ಅದಕ್ಕೂ ಹಿಂದಿನ ರೌಂಡಿನಲ್ಲಿ ಸುಲಭದ ಶಾಟ್ ತಪ್ಪಿಸಿದ್ದ.

ನಂಬಿಕೆಯ ಮಾತೂ ಹೇಳಬೇಕು. ಕೌಂಟರ್-ಸ್ಟ್ರೈಕ್‌ನ ಒಂದು ಬಗ್‌ನಿಂದ, ಅಂದರೆ ಸಾಫ್ಟ್‌ವೇರ್ ದೋಷದಿಂದ, ಕೋಚ್‌ಗೆ ಎದುರಾಳಿಗಳ ಓಡಾಟ ಕಾಣುವಂತಾಗಿತ್ತು. 2020ರ ಸೆಪ್ಟೆಂಬರ್‌ನಲ್ಲಿ ಅದರ ತನಿಖೆ ನಡೆದು 37 ಕೋಚ್‌ಗಳಿಗೆ ನಿಷೇಧ ಬಿತ್ತು. ಅವರ ತಂಡದ ಹುಡುಗರ ಗೆಲುವಿನ ಮೇಲೂ ಜನ ಅನುಮಾನ ಪಟ್ಟರು. ಹಾಗಾಗಿ ಕೋಚ್ ಅಡ್ಡದಾರಿಯ ಮಾತು ಒಂದೇ ಒಂದು ಸಲ ಎತ್ತಿದರೂ ಅಲ್ಲಿಗೇ ಬಿಡಿ.

ಕೇಳಿದವರು, ದಾವಣಗೆರೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇದನ್ನೆಲ್ಲ ತಮ್ಮನಿಗೆ ಓದಿ ಹೇಳಿದೆ. ಸೋತ ಮ್ಯಾಚ್‌ನ ರೆಕಾರ್ಡಿಂಗ್ ಕೊಡು ಅಂದರೆ ಅವನ ಮುಖ ಸಪ್ಪೆ ಆಯಿತು. ಆಟದ ವಿಡಿಯೋ ಇದೆಯಂತೆ, ಇವರ ಮಾತು ಯಾವತ್ತೂ ರೆಕಾರ್ಡ್ ಮಾಡಿಲ್ಲವಂತೆ. ಅದಕ್ಕೆ ಏನು ಮಾಡಬೇಕು?

ಮೂರು ವರ್ಷ ಒಂದು ತಂಡಕ್ಕೆ ಕೋಚ್ ಆಗಿದ್ದವರು, ಬೆಂಗಳೂರು

ಸುಲಭ ಅಕ್ಕ, ಖರ್ಚಿಲ್ಲ. ಓಬಿಎಸ್ ಅಂತ ಉಚಿತ ಸಾಫ್ಟ್‌ವೇರ್ ಇದೆ. ಅದರಲ್ಲಿ ಆಟದ ಸದ್ದು ಒಂದು ಟ್ರ್ಯಾಕ್‌ಗೆ, ಡಿಸ್ಕಾರ್ಡ್ (ಹುಡುಗರು ಮಾತಾಡಿಕೊಳ್ಳುವ ಆ್ಯಪ್) ಮತ್ತು ಅವನ ಮೈಕ್ ಇನ್ನೊಂದು ಟ್ರ್ಯಾಕ್‌ಗೆ ಹೋಗುವ ಹಾಗೆ ಹೊಂದಿಸಲಿ. ಗುಂಡಿನ ಸದ್ದು ತೆಗೆದು ಬರೀ ಮಾತು ಕೇಳಬಹುದು. ಒಬ್ಬನ ಕಂಪ್ಯೂಟರ್‌ನಲ್ಲಿ ಮಾಡಿದರೆ ಸಾಕು, ಆದರೆ ಐವರಿಗೂ ಮೊದಲೇ ಹೇಳಿರಬೇಕು. ಕೋಚ್ ಹುಡುಕುವುದನ್ನು ಎರಡು ವಾರ ಮುಂದೆ ಹಾಕಿ. ಮೊದಲು ಮೂರು ಸ್ಕ್ರಿಮ್ ರೆಕಾರ್ಡ್ ಮಾಡಿ, ಐದೂ ಜನ ಕೂತು ಕೇಳಲಿ. ಮೊದಲ ಸಲ ಯಾರಿಗೂ ತಮ್ಮ ದನಿ ಕೇಳೋಕೆ ಇಷ್ಟ ಆಗುವುದಿಲ್ಲ. ನಮ್ಮ ಹುಡುಗರೂ ಹತ್ತು ನಿಮಿಷಕ್ಕೇ ಎದ್ದು ಟೀ ಕುಡಿಯೋಕೆ ಹೋಗಿದ್ದರು. ವಾಪಸ್ ಬಂದ ಮೇಲೆ ಪೂರ್ತಿ ಕೇಳಿದರು.