ಅಪ್‌ಡೇಟ್: ಮಲೆನಾಡಿನ ಮಳೆಗೆ ಕಾರ್ಬನ್ ಫೈಬರ್ ಗಿಟಾರ್

ತೀರ್ಥಹಳ್ಳಿಯ ಮಳೆಗೆ ಮರದ ಗಿಟಾರಿನ ಹೊಟ್ಟೆ ಉಬ್ಬಿ, ತಂತಿ ಮೇಲೆದ್ದು ಬೆರಳು ನೋಯುತ್ತಿದೆ, ತೇವ ಹೀರದ ಕಾರ್ಬನ್ ಫೈಬರಿನದು (ಇಂಗಾಲದ ನಾರಿನದು) ತಗೊಳ್ಳಲಾ ಅಂತ ಜೂನ್‌ನಲ್ಲಿ ಕೇಳಿದ್ದೆ. ತಗೊಂಡೆ, ಸೆಕೆಂಡ್ ಹ್ಯಾಂಡ್.

ಮಳೆಗಾಲವಿಡೀ ಕೇಸಿಗೂ ಹಾಕದೆ ಸುಮ್ನೆ ಗೋಡೆಗೆ ನೇತುಹಾಕಿದ್ದೆ. ಪಕ್ಕದಲ್ಲಿದ್ದ ಚರ್ಮದ ಬೆಲ್ಟಿಗೆ ಬೂಷ್ಟು ಬಂತು, ಗಿಟಾರಿಗೆ ಏನೂ ಆಗಲಿಲ್ಲ. ಹನ್ನೆರಡನೇ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಹತ್ತಿರ ತಂತಿಯ ಎತ್ತರ ಆಗಲೂ 2 ಮಿ.ಮೀ., ಈಗಲೂ ಅಷ್ಟೇ. ತಂತಿಗೆ ಮಾತ್ರ ತುಕ್ಕು ಹಿಡಿಯಿತು. ಅದು ಉಕ್ಕಲ್ವಾ!

ನಾದ ಜೋರಾಗಿದೆ, ಸ್ಪಷ್ಟವಾಗಿಯೂ ಇದೆ. ಆದರೆ ಎದೆಗೊತ್ತಿ ಹಿಡಿದಾಗ ಮರ ಕೊಡುವ ಆ ಸಣ್ಣ ನಡುಕ ನನಗೆ ಸಿಗಲಿಲ್ಲ. ಹಾಗಾಗಿ ಹಳೆಯ ಮರದ ಗಿಟಾರನ್ನು ಮಾರಲಿಲ್ಲ. ತೇವ ಹೀರುವ ಸಿಲಿಕಾ ಜೆಲ್ ಜೊತೆ ಕೇಸಿನಲ್ಲಿ ಮಲಗಿದೆ. ಕೋಣೆಯ ತೇವಾಂಶ ಶೇ. 55ಕ್ಕೆ ಇಳಿದ ದಿನ ಹೊರಗೆ ತೆಗೆಯುತ್ತೇನೆ.