ರೀಬೂಟ್ ಆದ ಸರ್ವರ್ ಯಾವ ಕರ್ನಲ್‌ನಲ್ಲಿ ಎದ್ದಿದೆ? ನೀವೆಲ್ಲ ಹೇಗೆ ನೋಡುತ್ತೀರಿ?

ನನ್ನದೊಂದು ಡೆಬಿಯನ್ 12 (ಲಿನಕ್ಸ್) ಸರ್ವರ್ ದೂರದ ಡೇಟಾ ಸೆಂಟರ್‌ನಲ್ಲಿದೆ. ಕನ್ಸೋಲ್ (ಮಷೀನಿನ ನೇರ ಪರದೆ, ಕೀಬೋರ್ಡ್) ಕೊಟ್ಟಿಲ್ಲ, ನೆಟ್‌ವರ್ಕ್ ಮೂಲಕ ಲಾಗಿನ್ ಆಗುವ ಎಸ್‌ಎಸ್‌ಎಚ್ ಒಂದೇ ಗತಿ. ನಿನ್ನೆ ರಾತ್ರಿ ಕರ್ನಲ್ (ಸಿಸ್ಟಮ್‌ನ ತಿರುಳು) ಅಪ್‌ಡೇಟ್ ಮಾಡಿ ರೀಬೂಟ್ ಕೊಟ್ಟೆ. ಪ್ಯಾಕೇಜ್ ಪಟ್ಟಿಯಲ್ಲಿ ಹೊಸದು ಕಾಣುತ್ತಿದೆ. ಆದರೆ ಅದರಲ್ಲೇ ಬೂಟ್ ಆಗಿದೆಯಾ ಅಂತ ಖಾತ್ರಿ ಹೇಗೆ?

——

ಪ್ಯಾಕೇಜ್ ಪಟ್ಟಿ ನಂಬಬೇಡಿ ಸರ್. ಡಿಸ್ಕ್‌ನಲ್ಲಿ ಏನಿದೆ ಅಂತ ಅದಕ್ಕೆ ಗೊತ್ತು, ಈಗ ಓಡುತ್ತಿರುವುದು ಯಾವುದು ಅಂತ ಗೊತ್ತಿಲ್ಲ. ಓಡುತ್ತಿರುವ ಕರ್ನಲ್ ತಿಳಿಯಲು ಎಲ್ಲರೂ ‘ಯುನೇಮ್ -ಆರ್’ ಕಮಾಂಡ್ ಅನ್ನುತ್ತಾರೆ. ಡೆಬಿಯನ್‌ನಲ್ಲಿ ಅಷ್ಟೇ ಸಾಲದು. ಅಲ್ಲಿ ಬರುವ ‘6.1.0-18-ಎಎಂಡಿ64’ ಬರೀ ಹೆಸರು. ಕೆಲವು ಸಲ ಅಪ್‌ಡೇಟ್ ಆದರೂ ಆ ಹೆಸರು ಹಾಗೇ ಉಳಿಯುತ್ತದೆ. ‘ಯುನೇಮ್ -ವಿ’ ಹೊಡೆಯಿರಿ, ‘6.1.76-1’ ಅಂತ ಪ್ಯಾಕೇಜಿನ ನಿಜವಾದ ಆವೃತ್ತಿ ಬರುತ್ತದೆ.

ಜೊತೆಗೆ ‘ಅಪ್‌ಟೈಮ್’ (ಮಷೀನ್ ಎದ್ದು ಎಷ್ಟು ಹೊತ್ತಾಯಿತು) ನೋಡಿ. ನಗಬೇಡಿ. ಒಮ್ಮೆ ಹಳೇ ಕರ್ನಲ್ಲೇ ಯಾಕೆ ಬರುತ್ತಿದೆ ಅಂತ ಅರ್ಧ ಗಂಟೆ ತಲೆ ಕೆರೆದುಕೊಂಡೆ. ಅಪ್‌ಟೈಮ್ 211 ದಿನ! ರೀಬೂಟ್ ಕೊಟ್ಟಿದ್ದು ಪಕ್ಕದ ಟರ್ಮಿನಲ್‌ನಲ್ಲಿದ್ದ ಟೆಸ್ಟ್ ಮಷೀನ್‌ಗೆ.

——

ನನ್ನ ಕಥೆ ಬೇರೆ. ರೀಬೂಟ್ ಸರಿಯಾಗೇ ಆಗಿತ್ತು, ಒಂದಲ್ಲ ಮೂರು ಸಲ. ಮೂರು ಸಲವೂ ಹಳೇ ಕರ್ನಲ್. ಕರ್ನಲ್ ಫೈಲ್‌ಗಳಿರುವ ‘/ಬೂಟ್’ ಫೋಲ್ಡರ್ ಒಳಗೆ ನೋಡಿದರೆ ಹೊಸದು ಆರಾಮಾಗಿ ಕೂತಿದೆ. ಕರ್ನಲ್ ಆರಿಸಿ ಎಬ್ಬಿಸುವ ಗ್ರಬ್‌ನ ಮೆನು ಫೈಲಲ್ಲೂ ಅದೇ ಮೊದಲು. ದೆವ್ವ ಹಿಡಿದಂತಾಯಿತು.

ಆಮೇಲೆ ಆ ಫೋಲ್ಡರಿಗೆ ಯಾವ ಪಾರ್ಟಿಷನ್ (ಡಿಸ್ಕ್‌ನ ಭಾಗ) ಜೋಡಿಸಿದೆ ಅಂತ ನೋಡಲು ‘ಫೈಂಡ್‌ಮೌಂಟ್ /ಬೂಟ್’ ಹೊಡೆದೆ. ಒಂದಕ್ಷರ ಬರಲಿಲ್ಲ. ಬೂಟ್‌ಗೆ ಬೇರೆ ಪಾರ್ಟಿಷನ್ ಇತ್ತು, ಯಾರೋ ಪುಣ್ಯಾತ್ಮರು ಮೌಂಟ್ ಪಟ್ಟಿಯಾದ ‘ಎಫ್‌ಎಸ್‌ಟ್ಯಾಬ್’ನಲ್ಲಿ ಅದಕ್ಕೆ ‘ನೋಆಟೋ’ (ತಾನಾಗಿ ಜೋಡಿಸಬೇಡ) ಹಾಕಿದ್ದರು. ಅದು ಮೌಂಟ್ ಆಗಿರಲೇ ಇಲ್ಲ. ಅಪ್‌ಡೇಟ್ ಹೊಸ ಕರ್ನಲನ್ನು ರೂಟ್ ಪಾರ್ಟಿಷನ್ನಿನ ಖಾಲಿ ಫೋಲ್ಡರಿಗೆ ಸುರಿದಿತ್ತು. ಗ್ರಬ್ ಓದುವುದು ಅಸಲಿ ಪಾರ್ಟಿಷನ್ನನ್ನು, ಅಲ್ವಾ? ಅಲ್ಲಿ ಹಳೇದೇ ಇತ್ತು. ಮೌಂಟ್ ಮಾಡಿ ಪ್ಯಾಕೇಜ್ ಮತ್ತೆ ಹಾಕಿದ ಮೇಲೆ ಸರಿಹೋಯಿತು.

ನಿಮಗೂ ಕನ್ಸೋಲ್ ಇಲ್ಲ ಅಂದಿರಿ. ಮುಂದಿನ ಸಲ ಗ್ರಬ್‌ನ ಡೀಫಾಲ್ಟ್ ಹಳೇ ಕರ್ನಲ್ಲೇ ಆಗಿರಲಿ, ‘ಗ್ರಬ್-ರೀಬೂಟ್’ನಿಂದ ಹೊಸ ಕರ್ನಲನ್ನು ಒಂದೇ ಬೂಟ್‌ಗೆ ಆರಿಸಿ. ಬೂಟ್ ಆಗುವಾಗ ಕರ್ನಲ್‌ಗೆ ಕೊಡುವ ಆಯ್ಕೆಗಳ ಸಾಲಿಗೆ ‘ಪ್ಯಾನಿಕ್=10’ ಸೇರಿಸಿ. ಹೊಸದು ಪ್ಯಾನಿಕ್ ಆದರೆ (ಕೆಟ್ಟು ನಿಂತರೆ) 10 ಸೆಕೆಂಡಿಗೆ ತಾನೇ ರೀಬೂಟ್ ಆಗಿ ಹಳೇದಕ್ಕೆ ವಾಪಸ್ ಬರುತ್ತದೆ.

——

ಎರಡೇ ಮಾತು. ಕಂಟೈನರ್ (ಹೋಸ್ಟ್ ಮಷೀನಿನ ಕರ್ನಲ್ ಮೇಲೇ ಓಡುವ ಪ್ರತ್ಯೇಕ ಪರಿಸರ) ಒಳಗಿಂದ ‘ಯುನೇಮ್’ ಹೊಡೆದರೆ ಬರುವುದು ಹೋಸ್ಟ್‌ನ ಕರ್ನಲ್, ಸುಮ್ನೆ ಗಾಬರಿ ಆಗಬೇಡಿ. ಇನ್ನೊಂದು, ಕರ್ನಲ್ ನಂಬರ್ ನೋಡಿ ಭದ್ರತೆಯ ತೂತು ಮುಚ್ಚಿಲ್ಲ ಅಂತ ತೀರ್ಮಾನಿಸಬೇಡಿ. 2022ರಲ್ಲಿ ಡರ್ಟಿ ಪೈಪ್ ಅನ್ನುವ ಕರ್ನಲ್ ತೂತು ಬಂದಾಗ ಸರಿಪಡಿಸಿದ್ದು 5.10.102, 5.15.25, 5.16.11ರಲ್ಲಿ. ಆದರೆ ಡಿಸ್ಟ್ರೋಗಳು (ಡೆಬಿಯನ್‌ನಂಥ ಲಿನಕ್ಸ್ ವಿತರಣೆಗಳು) ಅದೇ ಪ್ಯಾಚನ್ನು ತಮ್ಮ ಹಳೇ ನಂಬರಿಗೇ ಹೊಲಿದು ಕೊಡುತ್ತವೆ. ಆಡಿಟ್ ಮಾಡುವವರಿಗೆ ಇದನ್ನು ತಿಳಿಸಿ ಹೇಳುವುದೇ ದೊಡ್ಡ ಕೆಲಸ.

——

ಎಲ್ಲರಿಗೂ ಥ್ಯಾಂಕ್ಸ್. ‘ಯುನೇಮ್ -ವಿ’ ಹೊಸದನ್ನೇ ತೋರಿಸುತ್ತಿದೆ, ಅಪ್‌ಟೈಮ್ 14 ಗಂಟೆ. ‘ಫೈಂಡ್‌ಮೌಂಟ್’ ಕೂಡ ಸರಿ ಇದೆ. ಆದರೆ ನೋಡಲು ಹೋಗಿ ಇನ್ನೊಂದು ಸಿಕ್ಕಿತು: ‘/ಬೂಟ್’ 94% ತುಂಬಿದೆ, ಏಳು ಹಳೇ ಕರ್ನಲ್ ಕೂತಿವೆ. ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಇವತ್ತೇ ತೆಗೆಯುತ್ತೇನೆ.