ನಮ್ಮ ಅಡ್ಡರಸ್ತೆಯ ನಡುವೆ ಎಳೆದ ವಾರ್ಡ್ ಗಡಿ: ಬೆಂಗಳೂರಿನ ನೆರೆಹೊರೆಯವರ ಗುಂಪಿನ ಸಂದೇಶಗಳು

ಮನೆ 41: ರಾತ್ರಿ ಒಂದೂವರೆಯಿಂದ ನಾನೂ ಅತ್ತೆಯವರೂ ಅಡುಗೆಮನೆಯ ನೀರನ್ನು ಬಕೆಟ್‌ನಲ್ಲಿ ಎತ್ತಿ ಹಾಕುತ್ತಿದ್ದೇವೆ, ಅಕ್ಕಿ ಡಬ್ಬ ತೇಲುತ್ತಿತ್ತು. ಸಹಾಯಕ್ಕೆ ಕರೆ ಮಾಡಿದರೆ ಒಂದು ಕಚೇರಿಯವರು ಮೋರಿಯ ಎಡದಂಡೆ ತಮ್ಮದಲ್ಲವೆಂದರು, ಇನ್ನೊಂದು ಕಚೇರಿಯವರು ಬಲದಂಡೆ ತಮ್ಮದಲ್ಲವೆಂದರು. ಹೊಸ ಕರಡು ನಕ್ಷೆ ತೆಗೆದು ನೋಡಿದರೆ ಗೆರೆ ಮತ್ತೆ ಅರಳಿಕಟ್ಟೆಗೂ ಹಾಲಿನ ಬೂತಿಗೂ ನಡುವೆಯೇ ಹಾದುಹೋಗಿದೆ. ಆಕ್ಷೇಪಣೆಗೆ ನಾಲ್ಕೇ ದಿನ ಉಳಿದಿದೆ. ಈ ಸಲವೂ ಸುಮ್ಮನೆ ಕೂರುತ್ತೇವೆಯೇ?

ಮನೆ 12: ಗೆರೆ ಎಳೆದವರು ನೀರು ಹರಿಯುವ ದಾರಿ ನೋಡಿಲ್ಲ, ಮತಗಟ್ಟೆಯ ಲೆಕ್ಕ ನೋಡಿದ್ದಾರೆ. ನಮ್ಮ ಮತವನ್ನು ಎರಡಾಗಿ ಸೀಳಿದರೆ ಎರಡೂ ಕಡೆ ನಾವು ಲೆಕ್ಕಕ್ಕಿಲ್ಲ. ಇದು ಈಗಿನ ಕಾಂಗ್ರೆಸ್ ಸರ್ಕಾರದ ಕೆಲಸವೆಂದು ಪತ್ರದಲ್ಲಿ ಸ್ಪಷ್ಟವಾಗಿ ಬರೆಯಬೇಕು.

ಮನೆ 27: 2022ರ ಜುಲೈನಲ್ಲಿ ಬಿಜೆಪಿ ಸರ್ಕಾರ 198 ವಾರ್ಡ್‌ಗಳನ್ನು 243 ಮಾಡಿದಾಗಲೂ ನಮ್ಮ ರಸ್ತೆ ಸೀಳಿತ್ತು. ಆಗ ತಾವು ಒಂದು ಮಾತೂ ಆಡಲಿಲ್ಲ.

ಮನೆ 12: ಆಗಿನದು ಬೇರೆ, ಈಗಿನದು ಬೇರೆ. ಬೇಕಿದ್ದರೆ ಹಳೆಯ ಸಂದೇಶಗಳನ್ನು ತೆಗೆದು ನೋಡಿ.

ಮನೆ 8: ಎಲ್ಲರಿಗೂ ಶುಭೋದಯ. ಡೆಂಗಿ ಜ್ವರಕ್ಕೆ ಪರಂಗಿ ಎಲೆಯ ರಸ ಒಳ್ಳೆಯದಂತೆ, ಹತ್ತು ಮಂದಿಗೆ ಕಳುಹಿಸಿ.

ಮನೆ 33: ದಯವಿಟ್ಟು ವಿಷಯಕ್ಕೆ ಬರೋಣ. 243 ಆದದ್ದು 2023ರಲ್ಲಿ 225 ಆಯಿತು, ಈಗ 2025ರಲ್ಲಿ, ನಗರವನ್ನು ಹಂಚಿ ಮಾಡಿದ ಐದು ಪಾಲಿಕೆಗಳ ಕರಡಿನಲ್ಲಿ 368 ಆಗಿದೆ. ಪ್ರತಿ ಬಾರಿ ವಿರೋಧ ಪಕ್ಷದಲ್ಲಿದ್ದವರು ಅನ್ಯಾಯವೆಂದರು, ಅಧಿಕಾರದಲ್ಲಿದ್ದವರು ಸರಿಯೆಂದರು. ವಿಧಾನಸಭಾ ಕ್ಷೇತ್ರಗಳ ಗಡಿ ಗುರುತಿಸಲು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯೊಬ್ಬರ ಅಧ್ಯಕ್ಷತೆಯ ಆಯೋಗವಿರುತ್ತದೆ, ವಾರ್ಡ್ ಗಡಿಯನ್ನಾದರೋ ರಾಜ್ಯ ಸರ್ಕಾರದ ಕೈಕೆಳಗಿನ ಅಧಿಕಾರಿಗಳೇ ಗುರುತಿಸುತ್ತಾರೆ. ನನ್ನ ದೃಷ್ಟಿಯಲ್ಲಿ ರೋಗದ ಬೇರು ಅಲ್ಲಿದೆ. ಗಡಿ ಬದಲಾದಂತೆಲ್ಲ ಚುನಾವಣೆಯೂ ಮುಂದಕ್ಕೆ ಹೋಯಿತು. ನಾವು ಕೊನೆಯದಾಗಿ ಕಾರ್ಪೊರೇಟರ್ ಒಬ್ಬರಿಗೆ ಮತ ಹಾಕಿದ್ದು 2015ರಲ್ಲಿ. 2020ರ ಸೆಪ್ಟೆಂಬರ್‌ನಿಂದ ಚುನಾಯಿತ ಕೌನ್ಸಿಲ್ಲೇ ಇಲ್ಲ. ನಿನ್ನೆ ರಾತ್ರಿ 41ರ ಮನೆಯವರಿಗೆ ಕರೆಯಲು ಒಂದು ಹೆಸರೂ ಇರಲಿಲ್ಲವೆಂಬುದಕ್ಕೆ ಇದೇ ಕಾರಣ. ಪತ್ರದಲ್ಲಿ ಪಕ್ಷದ ಮಾತು ಬೇಡ. ಮೋರಿಯ ಎರಡೂ ದಂಡೆ ಒಂದೇ ವಾರ್ಡಿನಲ್ಲಿರಲಿ, ಗೆರೆಯನ್ನು ಮುಖ್ಯರಸ್ತೆಗೆ ಸರಿಸಲಿ ಎಂದಷ್ಟೇ ಕೇಳೋಣ. ಸಂಜೆ ಏಳಕ್ಕೆ ಅರಳಿಕಟ್ಟೆಯ ಬಳಿ ಸಹಿಗೆ ಬನ್ನಿ.

ಮನೆ 19: ಎರಡು ವಾರ್ಡ್ ಆದರೆ ನಮಗೆ ಎರಡು ಕಡೆ ಗಣೇಶನ ಪ್ರಸಾದ ಸಿಗುತ್ತದೆ!

ಮನೆ 41: ಸರ್, ನನ್ನ ಮನೆಯ ಗೋಡೆಯ ಮೇಲೆ ಮೊಣಕಾಲಿನ ಎತ್ತರಕ್ಕೆ ಕೆಸರಿನ ಗೆರೆ ಇನ್ನೂ ಹಸಿಯಾಗಿದೆ.

ಮನೆ 12: ಪಕ್ಷದ ಹೆಸರಿಲ್ಲದ ಪತ್ರವನ್ನು ಯಾರೂ ಓದುವುದಿಲ್ಲ. ಹೆಸರು ಸೇರಿಸದಿದ್ದರೆ ನಮ್ಮ ಸಾಲಿನ ಹನ್ನೊಂದು ಮನೆಗಳು ಸಹಿ ಹಾಕುವುದಿಲ್ಲ.

ಮನೆ 27: ಹೆಸರು ಸೇರಿಸಿದರೆ ನಮ್ಮ ಸಾಲಿನವರು ಹಾಕುವುದಿಲ್ಲ.

ಮನೆ 5: ಇದು ಬಗೆಹರಿಯುವುದರೊಳಗೆ ಇನ್ನೊಂದು ಮಳೆ ಬರುತ್ತದೆ. ನೀರೆತ್ತುವ ಪಂಪು ತರಿಸೋಣ, ಮನೆಗೆ 500 ರೂಪಾಯಿ ಹಾಕೋಣ.

ಮನೆ 19: ಒಪ್ಪಿಗೆ. ಪಂಪು ಎಲ್ಲಿ ಇಡುವುದು?

ಮನೆ 12: ನಮ್ಮ ಗ್ಯಾರೇಜಿನಲ್ಲಿ ಇಡಿ. ಎಷ್ಟು ಅಶ್ವಶಕ್ತಿಯದು ಬೇಕೆಂದು ನಾನು ವಿಚಾರಿಸುತ್ತೇನೆ.

ಮನೆ 27: ನನ್ನ 500 ಬರೆದುಕೊಳ್ಳಿ.

ಮನೆ 41: ನನ್ನದೂ ಬರೆದುಕೊಳ್ಳಿ. ಆಕ್ಷೇಪಣೆ ಪತ್ರಕ್ಕೆ ಎಷ್ಟು ಸಹಿ ಆಯಿತು?

ಮನೆ 33: ಎಂಟೂವರೆಯವರೆಗೆ ಕಾದೆ. ನಿಮ್ಮದು, ನಿಮ್ಮ ಅತ್ತೆಯವರದು, ನನ್ನದು.